ರೀಲು ಕ್ಯಾಮೆರಾಗೆ ಟೆಲಿ ಲೆನ್ಸ್, ಅದಕ್ಕೊಪ್ಪುವ ಹುಡ್

ದೊಡ್ಡ ರೀಲಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾಗೆ 250 ಎಂ.ಎಂ. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತರುವಂಥದ್ದು) ತಗುಲಿಸಿಕೊಂಡು ರಂಗನತಿಟ್ಟಿನ ದೋಣಿ ಹತ್ತುವವರನ್ನು ಆಗಾಗ ಕಾಣುತ್ತೇನೆ. ರೀಲು ತೊಳೆಸಿ ತಂದರೆ ಕೊಕ್ಕರೆಗಳು ಸಾಸಿವೆ ಕಾಳಿನಷ್ಟು! ಎಡವಟ್ಟಾಗುವುದು ಲೆಕ್ಕದಲ್ಲಿ. 120 ರೀಲಿನ 6×6 ಸೆಂ.ಮೀ. ಚೌಕ 35 ಎಂ.ಎಂ. ಫ್ರೇಮಿಗಿಂತ ಬಹಳ ದೊಡ್ಡದು. ಹಾಗಾಗಿ ಇಲ್ಲಿ 250 ಎಂದರೆ ಅಲ್ಲಿನ 135ರ ಆಸುಪಾಸು, 150 ಎಂದರೆ 80ರ ಆಸುಪಾಸು. 6×7 ಕ್ಯಾಮೆರಾದವರು ಸಂಖ್ಯೆಯನ್ನು ಅರ್ಧ ಮಾಡಿಕೊಂಡರೆ ಸಾಕು.

ಆದ್ದರಿಂದ ಮೊದಲು ಏನನ್ನು ತೆಗೆಯುತ್ತೀರಿ ಎಂದು ತೀರ್ಮಾನಿಸಿ. ಮುಖಗಳು, ಮೇಲುಕೋಟೆಯ ಗೋಪುರ, ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರು ಎಂದಾದರೆ 6×6ಕ್ಕೆ 150, 6×7ಕ್ಕೆ 180. ಅದಕ್ಕಿಂತ ಉದ್ದದ್ದು ಬೇಡವೇ ಬೇಡ. ಹಕ್ಕಿಯೇ ಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, 250ರಲ್ಲೂ ಕೆಲಸ ನಡೆಯುತ್ತದೆ. ಲೆನ್ಸ್‌ನ ಉದ್ದವನ್ನು ಇಮ್ಮಡಿಸುವ 2ಎಕ್ಸ್ ಕನ್ವರ್ಟರ್ ಹಾಕಿ ಗೆಲ್ಲುತ್ತೇನೆ ಎನ್ನುವವರಿಗೆ ಒಂದು ಮಾತು: ಎಫ್/5.6 ಲೆನ್ಸ್ ಎಫ್/11 ಆಗುತ್ತದೆ, ಅಂದರೆ ಒಳಬರುವ ಬೆಳಕು ತಗ್ಗುತ್ತದೆ, ಫೋಕಸ್ ಮಾಡುವ ಗಾಜು ಕತ್ತಲಾಗುತ್ತದೆ. ಯಾಶಿಕಾಮ್ಯಾಟ್ ಕ್ಯಾಮೆರಾ ಇರುವವರಿಗೆ ಈ ತಲೆನೋವೇ ಇಲ್ಲ, ಅದರ ಲೆನ್ಸ್ ಕಳಚುವುದಿಲ್ಲ. ಅದರ ಮುಂದೆ ಸಿಕ್ಕಿಸುವ ‘ಟೆಲಿ’ ಗಾಜುಗಳಿಗೆ ಹಣ ಹಾಕಬೇಡಿ.

ಹಳೆಯ ಲೆನ್ಸ್ ಕೊಳ್ಳುವಾಗ ಟಾರ್ಚ್ ಬೆಳಕು ಹಾಯಿಸಿ ಒಳಗೆ ಫಂಗಸ್ ಇದೆಯೇ ನೋಡಿ, ಲೆನ್ಸ್‌ನಲ್ಲೇ ಶಟರ್ ಇದ್ದರೆ ಒಂದು ಸೆಕೆಂಡಿನ ವೇಗದಲ್ಲಿ ಓಡಿಸಿ ಸದ್ದು ಕೇಳಿ.

ಇನ್ನು ಹುಡ್, ಅಂದರೆ ಪಕ್ಕದ ಬೆಳಕು ತಡೆಯಲು ಲೆನ್ಸ್‌ನ ಮುಂದೆ ಹಾಕುವ ಕೊಳವೆ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಟೆಲಿಗೆ ಉದ್ದನೆಯ ಹುಡ್ ಬೇಕು, 80 ಎಂ.ಎಂ. ಲೆನ್ಸ್‌ನ ಗಿಡ್ಡ ಹುಡ್ ಹಾಕಿದರೆ ಪಕ್ಕದ ಬಿಸಿಲು ನುಗ್ಗಿ ಚಿತ್ರ ಬಿಳಿಚುತ್ತದೆ. ತೀರಾ ಉದ್ದವಾದರೆ ಮೂಲೆಗಳು ಕಪ್ಪಾಗುತ್ತವೆ. ವ್ಯೂಫೈಂಡರ್ ನೋಡಿ ‘ಸರಿಯಿದೆ’ ಎನ್ನಬೇಡಿ. ಅದು ಅಪರ್ಚರ್ (ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದ ಸ್ಥಿತಿಯನ್ನು ತೋರಿಸುತ್ತದೆ, ಹಲವು ಕ್ಯಾಮೆರಾಗಳಲ್ಲಿ ಅಂಚನ್ನೂ ನುಂಗುತ್ತದೆ.

ಸರಿಯಾದ ಪರೀಕ್ಷೆ ಹೀಗೆ. ರೀಲಿನ ಮ್ಯಾಗಜೀನ್ (ಹಿಂಬದಿಯ ಪೆಟ್ಟಿಗೆ) ಕಳಚಿ. ನೀವು ಬಳಸುವ ಫಿಲ್ಟರ್, ಅದರ ಮೇಲೆ ಹುಡ್ ಹಾಕಿ. ಫೋಕಸ್ ಅನಂತಕ್ಕೆ ತಿರುಗಿಸಿ, ಲೆನ್ಸ್ ಅತಿ ಅಗಲವಾಗಿ ನೋಡುವುದು ಆಗಲೇ. ಅಪರ್ಚರ್ ಅತಿ ಸಣ್ಣದು, ಶಟರ್ ತೆರೆದೇ ಇರುವಂತೆ ‘ಬಿ’ ಅಥವಾ ‘ಟಿ’ಗೆ, ಕೇಬಲ್ ರಿಲೀಸ್ (ಶಟರ್ ಒತ್ತುವ ತಂತಿ) ಒತ್ತಿ ಹಿಡಿಯಿರಿ. ಬೆಳಕಿನ ಗೋಡೆಯ ಕಡೆ ಕ್ಯಾಮೆರಾ ತಿರುಗಿಸಿ, ರೀಲು ಕೂರುವ ಚೌಕದ ಮೂಲೆಗೆ ಕಣ್ಣು ತಂದು ಲೆನ್ಸ್‌ನೊಳಗಿನ ಕಿಂಡಿ ನೋಡಿ. ಕಿಂಡಿ ಇಡಿಯಾಗಿ ಕಂಡರೆ ಆ ಮೂಲೆ ಪಾಸು. ಹುಡ್‌ನ ಅಂಚು ಅದನ್ನು ಕತ್ತರಿಸಿದರೆ ಹುಡ್ ಬದಲಿಸಿ. ನಾಲ್ಕೂ ಮೂಲೆ ನೋಡಲೇಬೇಕು, ಏಕೆಂದರೆ ಹಳೆಯ ರಬ್ಬರ್ ಹುಡ್‌ಗಳು ಒಂದು ಕಡೆಗೆ ಜೋಲುತ್ತವೆ. ಆಮೇಲೆ ಅಪರ್ಚರ್ ಪೂರ್ತಿ ತೆರೆದು ಮತ್ತೊಮ್ಮೆ ನೋಡಿ. ಈಗ ಕಿಂಡಿ ಅಂಚಿನಲ್ಲಿ ಕೊಂಚ ಸವೆದಂತೆ ಕಂಡರೆ ಗಾಬರಿಯಾಗಬೇಡಿ. ಹುಡ್ ತೆಗೆದರೂ ಅಷ್ಟೇ ಸವೆದಿದ್ದರೆ ಅದು ಲೆನ್ಸ್ ಕೊಳವೆಯದೇ ಗುಣ.

ಹ್ಯಾಸಲ್‌ಬ್ಲಾಡ್‌ನವರು ಕೊಳ್ಳುವ ಮುನ್ನ ಬಯೋನೆಟ್ (ಹುಡ್ ಸಿಕ್ಕಿಸುವ ಅಂಚಿನ ಅಳತೆ) ಯಾವುದೆಂದು ಕೇಳಿ: 150ರ ಹಳೆಯ ಸಿ ಲೆನ್ಸ್‌ಗೆ 50ರದು, ಅನಂತರದ ಸಿಎಫ್‌ಗೆ 60ರದು. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಒಳಗೆ ಫಳಫಳ ಹೊಳೆಯುವ ಅಗ್ಗದ ಲೋಹದ ಹುಡ್‌ಗಿಂತ ಹುಡ್ ಇಲ್ಲದಿರುವುದೇ ಮೇಲು. ಕಪ್ಪು ಡ್ರಾಯಿಂಗ್ ಶೀಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೂ ನಡೆಯುತ್ತದೆ, ಪರೀಕ್ಷೆ ಮಾತ್ರ ಅದಕ್ಕೂ ತಪ್ಪದು.

ಮೈಸೂರು ಅರಮನೆಯ ದೀಪಾಲಂಕಾರಕ್ಕೆ ಈ ಹುಡ್ ಹೆಚ್ಚು ನೆರವಾಗದು. ಅದು ತಡೆಯುವುದು ಫ್ರೇಮಿನ ಹೊರಗಿನ ಬೆಳಕನ್ನು; ಬಲ್ಬುಗಳೆಲ್ಲ ಫ್ರೇಮಿನೊಳಗೇ ಇವೆ. ಅಲ್ಲಿ ಯುವಿ ಫಿಲ್ಟರ್ ಕಳಚಿ ಜೇಬಿಗೆ ಹಾಕಿ, ಇಲ್ಲದಿದ್ದರೆ ಕಪ್ಪು ಆಕಾಶದಲ್ಲಿ ದೀಪಗಳ ಸಾಲು ತಲೆಕೆಳಗಾಗಿ ಮೂಡೀತು. ಟ್ರೈಪಾಡ್ ಹಾಕಿ, ಸೌಲಭ್ಯವಿದ್ದರೆ ಕ್ಯಾಮೆರಾದೊಳಗಿನ ಕನ್ನಡಿಯನ್ನು ಮೊದಲೇ ಮೇಲೆತ್ತಿ, ಆಮೇಲೆ ಕೇಬಲ್ ಒತ್ತಿ.