ಕಡಿದಾದ ತೋಟದಿಂದ ಸಿಲ್ವರ್ ದಿಮ್ಮಿ ಮೇಲೆ ತರುವ ಬಗೆ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಕೆಳಭಾಗಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಸಿಲ್ವರ್ ಓಕ್ ಮಾತ್ರ ಅಲ್ಲೇ ದಪ್ಪ ಬೆಳೆದಿದೆ. ಅದನ್ನು ಕೆಳಗೆ ಉರುಳಿಸಿ ಹಳ್ಳದ ದಾರಿಯಲ್ಲಿ ಸಾಗಿಸಿ ಎನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಉರುಳಿದ ದಿಮ್ಮಿ ಗಿಡ ಮುರಿಯುತ್ತದೆ. ಅದು ಕೊರೆದ ಗೆರೆಯಲ್ಲೇ ಜೂನ್ ತಿಂಗಳ ನೀರು ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜಾರಿದ್ದನ್ನು ಕಂಡವರು ಇಳಿಜಾರಿನಲ್ಲಿ ನೀರಿಗೆ ಹೊಸ ದಾರಿ ಮಾಡಿಕೊಡಬಾರದು. ಅದಕ್ಕೇ ವೈರ್ ರೋಪ್ (ಉಕ್ಕಿನ ತಂತಿ ಹೊಸೆದ ಹಗ್ಗ) ಮತ್ತು ವಿಂಚ್ (ಹಗ್ಗ ಎಳೆಯುವ ಯಂತ್ರ) ಹಾಕಿ ಮೇಲಿನ ರಸ್ತೆಗೆ ಎಳೆಯುವುದು.

ಸಿಲ್ವರ್ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೀಟೆ, ನಂದಿಯಂಥ ಕಾಡುಮರಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈ ಹಚ್ಚಬೇಡಿ. ಕೆಲಸಕ್ಕೆ ಹೊತ್ತು ಕಾಫಿ ಕೊಯ್ಲು ಮುಗಿದ ಮೇಲೆ, ನೆಲ ಗಟ್ಟಿ ಇರುವಾಗ.

ಮೊದಲು ತೂಕ ತಿಳಿಯಬೇಕು. ವ್ಯಾಪಾರಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾನೆ. ನಾಲ್ಕು ಅಡಿ ಸುತ್ತಳತೆ, ಹತ್ತು ಅಡಿ ಉದ್ದ ಎಂದರೆ 10 ಸಿಎಫ್‌ಟಿ, ಅಂದರೆ ಘನ ಅಡಿ. ಆದರೆ ಈ ಲೆಕ್ಕ ನಿಜವಾದ ಗಾತ್ರಕ್ಕಿಂತ ಕಮ್ಮಿ ತೋರಿಸುತ್ತದೆ. ದಿಮ್ಮಿಯಲ್ಲಿ ಇರುವುದು ಸುಮಾರು 12.7 ಘನ ಅಡಿ. ಹಸಿ ಮರವನ್ನು ನೀರಿನಷ್ಟೇ ಭಾರ ಎಂದು ಹಿಡಿಯಿರಿ, ಆಗ ಲೆಕ್ಕ ತಪ್ಪಿದರೂ ಕ್ಷೇಮದ ಕಡೆಗೇ ತಪ್ಪುತ್ತದೆ. 360 ಕೆಜಿ ಆಯಿತು. ಕಡಿದಾದ ಕಡೆ ಮೇಲಕ್ಕೆ ಎಳೆಯಲು ಹೆಚ್ಚುಕಡಿಮೆ ಅಷ್ಟೇ ಎಳೆತ ಬೇಕು. ಕಲ್ಲಿಗೋ ಬುಡಕ್ಕೋ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ.

ಈಗ ಹಗ್ಗ ಕಟ್ಟುವ ಮರ. ಎಲ್ಲರೂ ವಿಂಚ್ ಎಷ್ಟು ಟನ್ನಿನದು ಅಂತ ಕೇಳುತ್ತಾರೆ. ನಾನು ಕೇಳುವುದು, ಕಟ್ಟಿರುವ ಮರ ಯಾವುದು ಅಂತ. ಬುಡದ ಅಡ್ಡಳತೆ ಎರಡು ಪಟ್ಟಾದರೆ ಅದರ ಹಿಡಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಎರಡು ಸಣ್ಣ ಮರಕ್ಕಿಂತ ಒಂದು ದಪ್ಪ ಮರ ಒಳ್ಳೆಯದು. ಬೇರು ಧರೆಯ (ಕಡಿದು ನಿಂತ ಮಣ್ಣಿನ ಗೋಡೆಯ) ಅಂಚಿನಲ್ಲಿ ಹೊರಗೆ ಕಾಣುತ್ತಿದ್ದರೆ, ಬುಡಕ್ಕೆ ಗೆದ್ದಲು ಹತ್ತಿದ್ದರೆ ಆ ಮರ ಬೇಡ. ನೆಲಕ್ಕೆ ಆದಷ್ಟು ಹತ್ತಿರ, ಅಗಲವಾದ ಬೆಲ್ಟ್ ಸುತ್ತಿ ಕಟ್ಟಿ. ಬರೀ ವೈರ್ ಸುತ್ತಿದರೆ ತೊಗಟೆ ಕತ್ತರಿಸಿ ಬದುಕಿರುವ ಮರ ಹಾಳಾಗುತ್ತದೆ.

ಪುಲ್ಲಿ ಹಾಕಿ ಹಗ್ಗ ತಿರುಗಿಸಿದಾಗ ಹೊರೆ ಹೆಚ್ಚುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಹಗ್ಗದಲ್ಲಿ ಒಂದು ಟನ್ ಎಳೆತ ಇದ್ದು ಅದು ಬಂದ ದಾರಿಗೇ ವಾಪಸ್ ತಿರುಗಿದರೆ ಪುಲ್ಲಿ ಕಟ್ಟಿದ ಮರದ ಮೇಲೆ ಎರಡು ಟನ್. ಮೂಲೆಯಂತೆ ಲಂಬಕೋನಕ್ಕೆ ತಿರುಗಿದರೆ 1.4 ಟನ್. ಪುಲ್ಲಿಯ ಬೆಲ್ಟ್, ಅದನ್ನು ಜೋಡಿಸುವ ಶಾಕಲ್ (ಪಿನ್ ಇರುವ ಉಕ್ಕಿನ ಕೊಂಡಿ) ಎರಡನ್ನೂ ಈ ಲೆಕ್ಕಕ್ಕೇ ಕೊಳ್ಳಿ. ಹಗ್ಗ ತಿರುಗಿದ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದು. ಪುಲ್ಲಿ ಕಿತ್ತು ಬಂದರೆ ಹಗ್ಗ ಹೊಡೆಯುವುದು ಅಲ್ಲಿಗೇ.

ರಸ್ತೆ ಪಕ್ಕದ ದಪ್ಪ ಮರದಲ್ಲಿ ಐದಾರು ಮೀಟರ್ ಎತ್ತರಕ್ಕೆ ಪುಲ್ಲಿ ಕಟ್ಟಿ, ಎಳೆತದ ಎದುರು ದಿಕ್ಕಿಗೆ ಎರಡು ಹಗ್ಗದಿಂದ ಆ ಮರವನ್ನು ಬಿಗಿದರೆ ದಿಮ್ಮಿಯ ಮೂತಿ ನೆಲ ಬಿಟ್ಟು ಏಳುತ್ತದೆ. ಬಾಲ ಮಾತ್ರ ಎಳೆದುಕೊಂಡು ಬರುತ್ತದೆ. ಮೂತಿಯ ಅಂಚನ್ನು ಮೊದಲೇ ಗರಗಸದಿಂದ ದುಂಡಗೆ ಸವರಿ. ಇಳಿಜಾರಿನ ನಡುವೆ ಉಬ್ಬಿದ್ದರೆ ಹಗ್ಗ ಮಣ್ಣಿಗೆ ಉಜ್ಜುತ್ತದೆ, ಆ ಸಾಲು ಬಿಟ್ಟು ನಡು ತಗ್ಗಿರುವ ಸಾಲು ಹುಡುಕಿ.

ತೊಟ್ಟಿಲು ಗುಂಡಿ (ಮಳೆನೀರು ಇಂಗಲು ಗಿಡಗಳ ನಡುವೆ ತೋಡಿದ ಗುಂಡಿ), ಎಳೆ ಗಿಡ ಇರುವಲ್ಲಿ ದಿಮ್ಮಿಯನ್ನು ಪೂರ್ತಿ ಗಾಳಿಯಲ್ಲೇ ತರಬೇಕು. ಎರಡು ಮರದ ನಡುವೆ ವೈರ್ ಕಟ್ಟಿ, ಅದರ ಮೇಲೆ ಓಡುವ ಪುಲ್ಲಿಗೆ ದಿಮ್ಮಿ ತೂಗುಹಾಕಿ, ವಿಂಚ್ ಹಗ್ಗದಿಂದ ಎಳೆಯುವುದು. ಇಲ್ಲಿ ಹುಡುಗರು ಮಾಡುವ ದೊಡ್ಡ ತಪ್ಪು ವೈರನ್ನು ವೀಣೆ ತಂತಿಯಂತೆ ಬಿಗಿಯುವುದು. ವೈರ್ ತಗ್ಗಬೇಕು. 60 ಮೀಟರ್ ಅಂತರಕ್ಕೆ 360 ಕೆಜಿ ದಿಮ್ಮಿ ನಡುವೆ ಬಂದಾಗ ವೈರ್ 6 ಮೀಟರ್ ತಗ್ಗಿದರೆ ಅದರ ಎಳೆತ 900 ಕೆಜಿ. 3 ಮೀಟರ್ ತಗ್ಗಿದರೆ 1,800 ಕೆಜಿ. ಒಂದೂಕಾಲು ಮೀಟರ್ ಮಾತ್ರ ತಗ್ಗಿದರೆ ನಾಲ್ಕು ಟನ್ ದಾಟುತ್ತದೆ! 12 ಮಿ.ಮೀ. ಒಳ್ಳೆಯ ವೈರ್ ರೋಪ್ ತುಂಡಾಗುವುದು ಸುಮಾರು 8 ಟನ್ನಿಗೆ. ತುದಿಯನ್ನು ಮಡಚಿ ಕ್ಲಿಪ್ ಹಾಕಿ ಬಿಗಿದ ಕಡೆ ಆ ಬಲದ ಐದನೇ ಒಂದು ಭಾಗ ಹೋಗುತ್ತದೆ. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಬಳಸಿ, ಅಂದರೆ ಎರಡು ಟನ್ ಆಸುಪಾಸು. ದಿಮ್ಮಿ ಜೋಲಾಡಿದರೆ ಎಳೆತ ಇನ್ನೂ ಏರುವುದರಿಂದ 6 ಮೀಟರ್ ತಗ್ಗೇ ನನ್ನ ಆಯ್ಕೆ.

ಕ್ಲಿಪ್ ಹಾಕುವಾಗ ಯು ಬೋಲ್ಟ್ ಯಾವತ್ತೂ ಸತ್ತ ತುದಿಯ (ಮಡಚಿ ತಂದ, ಹೊರೆ ಇಲ್ಲದ ತುದಿಯ) ಮೇಲೆ, ಕ್ಲಿಪ್ಪಿನ ತಡಿ ಭಾಗ (ಹಗ್ಗ ಕೂರುವ ತುಂಡು) ಹೊರೆ ಹೊರುವ ಹಗ್ಗದ ಮೇಲೆ. 12 ಮಿ.ಮೀ. ರೋಪ್‌ಗೆ ಮೂರು ಕ್ಲಿಪ್ಪಿಗೆ ಕಮ್ಮಿ ಬೇಡ, ನಡುವೆ ಮೂರು ಇಂಚು ಬಿಡಿ. ಮೊದಲ ದಿಮ್ಮಿ ಎಳೆದ ಮೇಲೆ ನಟ್ ಮತ್ತೆ ಬಿಗಿಯಿರಿ. ಎಳೆಗಳು ತುಂಡಾಗಿ ಮುಳ್ಳಿನಂತೆ ನಿಂತಿದ್ದರೆ, ಗಂಟು ಬಿದ್ದು ಮಡಚಿದ್ದರೆ ಆ ರೋಪ್ ತೂಕಕ್ಕೆ ಮಾರಿಬಿಡಿ.

ಕೈ ವಿಂಚ್‌ನಲ್ಲಿ ಹೊರೆ ಮೀರಿದಾಗ ತುಂಡಾಗುವ ಪಿನ್ ಇರುತ್ತದೆ. ಅದರ ಜಾಗಕ್ಕೆ ಮೊಳೆ ಹೊಡೆದು ಕೆಲಸ ಮುಂದುವರಿಸುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಮುಂದೆ ತುಂಡಾಗುವುದು ರೋಪ್ ಅಥವಾ ಶಾಕಲ್. ಪಿನ್ ಹೋದರೆ ತೂಕ ಇಳಿಸಿ, ಕಂಪನಿಯ ಪಿನ್ನನ್ನೇ ಹಾಕಿ.

ವಿಂಚ್ ನಿಲ್ಲಿಸು ಎಂದು ಯಾರು ಕೂಗಿದರೂ ನಿಲ್ಲಬೇಕು. ಎಳೆ ಎನ್ನುವ ಮಾತು ಮಾತ್ರ ಒಬ್ಬನದೇ, ದಿಮ್ಮಿ ಕಾಣುವ ಕಡೆ ನಿಂತವನದು. ಚೋಕರ್ (ದಿಮ್ಮಿಯನ್ನು ಬಿಗಿದು ಹಿಡಿಯುವ ಕುಣಿಕೆ) ಕಟ್ಟಿದವನು ದಿಮ್ಮಿಗಿಂತ ಮೇಲೆ, ಪಕ್ಕಕ್ಕೆ ಸರಿದು ನಿಂತ ಮೇಲೇ ಎಳೆತ ಶುರುವಾಗಲಿ.

ಸಾಲು ಮುಗಿದ ದಿನವೇ ದಿಮ್ಮಿ ಗೀರಿದ ಜಾಗಕ್ಕೆ ಅಡ್ಡಲಾಗಿ, ಒಂದು ಕಡೆಗೆ ಸ್ವಲ್ಪ ಓರೆಯಾಗಿ ಮಣ್ಣಿನ ದಿಂಡು ಹಾಕಿಸಿ. ನೀರು ಪಕ್ಕದ ಗಿಡಗಳ ತರಗಿನೊಳಗೆ ಸರಿಯುವಂತಿರಲಿ. ಮೇಲೆ ಮರಗಸಿಯ (ನೆರಳು ಮರದ ಕೊಂಬೆ ಸವರಿದ) ಸೊಪ್ಪು ಹರಡಿ. ಮೊದಲ ದೊಡ್ಡ ಮಳೆಯಲ್ಲಿ ಛತ್ರಿ ಹಿಡಿದು ಹೋಗಿ ನೋಡಿ, ಎಲ್ಲಾದರೂ ದಿಂಡು ಒಡೆದಿದ್ದರೆ ಆಗಲೇ ಕಟ್ಟಿಸಿ.