ಬೀಗ ಹಾಕದ ಡಬ್ಬಿ: ನಮ್ಮ ಶಾಲೆಗೆ ನಾರ್ಕ್ಯಾನ್ ಬಂದದ್ದು

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸ್ಕೂಲ್ ನರ್ಸ್. ಫೆಂಟನಿಲ್‌ನಂಥ ಮಾದಕ ವಸ್ತು ಮೈಗೇರಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಔಷಧಿ ನಲಾಕ್ಸೋನ್. ಮೂಗಿಗೆ ಹೊಡೆಯುವ ಸ್ಪ್ರೇ, ಇಲ್ಲಿನವರ ಬಾಯಲ್ಲಿ ನಾರ್ಕ್ಯಾನ್. ತರಿಸುವುದು ಸುಲಭವಾಗಿತ್ತು. ರಾಜ್ಯದ ಯೋಜನೆಯಲ್ಲಿ ಅರ್ಜಿ ಹಾಕಿದರೆ ಪುಕ್ಕಟೆ ಬರುತ್ತದೆ. ತಲೆನೋವು ಶುರುವಾಗಿದ್ದು ಎಲ್ಲಿಡಬೇಕು ಅನ್ನುವಾಗ.

ನನ್ನ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದರು ಆಫೀಸಿನವರು. ನನಗೆ ಒಂದಕ್ಕಿಂತ ಹೆಚ್ಚು ಶಾಲೆಗಳಿವೆ. ನಾನಿಲ್ಲದ ದಿನ ಬೀಗ ತೆಗೆಯುವವರು ಯಾರು? ಉಸಿರು ನಿಂತರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳಲು ಶುರು. 2022ರ ಸೆಪ್ಟೆಂಬರ್‌ನಲ್ಲಿ ಹಾಲಿವುಡ್‌ನ ಹೈಸ್ಕೂಲೊಂದರಲ್ಲಿ 15 ವರ್ಷದ ಹುಡುಗಿ ಫೆಂಟನಿಲ್ ಬೆರೆತ ಮಾತ್ರೆ ನುಂಗಿ ಶಾಲೆಯ ಬಾತ್‌ರೂಮಿನಲ್ಲೇ ತೀರಿಕೊಂಡಳು. ಅದಾದ ಮೇಲೆ ಲಾಸ್ ಏಂಜಲೀಸ್ ಶಾಲಾ ಜಿಲ್ಲೆ ತನ್ನ ಶಾಲೆಗಳಿಗೆಲ್ಲ ನಲಾಕ್ಸೋನ್ ಕೊಡಲು ನಿರ್ಧರಿಸಿತು. ಮೀಟಿಂಗಿನಲ್ಲಿ ನಾನು ಇದನ್ನೇ ಹಿಡಿದು ಕೂತೆ. "ಮಕ್ಕಳು ಕದ್ದರೆ?" ಎಂದರು. ಕದಿಯಲಿ ಬಿಡಿ, ಇದರಿಂದ ಅಮಲೇರುವುದಿಲ್ಲ, ಏರಿದ್ದು ಇಳಿಯುತ್ತದೆ ಅಷ್ಟೆ. ಕೊನೆಗೆ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರದ ಪಕ್ಕದಲ್ಲೇ, ಬೀಗವಿಲ್ಲದ ಡಬ್ಬಿಯಲ್ಲಿ ಇಟ್ಟೆವು.

ತರಬೇತಿಗೆ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ, ತಾವಾಗಿ ಬಂದವರಿಗೆ ಕಲಿಸಬೇಕು. ನಮ್ಮಲ್ಲಿ ಮೊದಲು ಬಂದವರು ಶಾಲೆ ಗುಡಿಸುವ ಸಿಬ್ಬಂದಿ. ಬಾತ್‌ರೂಮಿಗೆ ಮೊದಲು ಕಾಲಿಡುವವರು ಅವರೇ ಅಲ್ವಾ? ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಗೊರಕೆಯಂಥ ಸದ್ದು: ಇಷ್ಟು ಕಂಡರೆ 911ಕ್ಕೆ ಫೋನ್ ಮಾಡಿಸಿ. ತಲೆಯನ್ನು ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಯೊಳಗೆ ಸ್ಪ್ರೇ ಇಟ್ಟು ಪೂರ್ತಿ ಒತ್ತಿ. ಸುಮ್ನೆ ಗಾಳಿಯಲ್ಲಿ ಹೊಡೆದು ನೋಡಬೇಡಿ, ಒಂದರಲ್ಲಿ ಇರುವುದು ಒಂದೇ ಡೋಸ್. ಗೊತ್ತಿದ್ದವರು ಬಾಯಿಂದ ಉಸಿರು ಕೊಡಿ. ಎರಡು ಮೂರು ನಿಮಿಷವಾದರೂ ಏಳದಿದ್ದರೆ ಎರಡನೆಯದನ್ನು ಇನ್ನೊಂದು ಹೊಳ್ಳೆಗೆ. ಮಾದಕ ವಸ್ತು ಅಲ್ಲದೆ ಬೇರೇನೋ ಕಾರಣವಾಗಿದ್ದರೂ ಇದರಿಂದ ಅಪಾಯವಿಲ್ಲ. ಈ ಮಾತು ಕೇಳಿದ ಮೇಲೆಯೇ ಎಷ್ಟೋ ಜನ ಹೆಸರು ಕೊಟ್ಟರು.

ಎಚ್ಚರವಾದ ಮಗು "ನನಗೇನಾಗಿಲ್ಲ" ಎಂದು ಎದ್ದು ಹೊರಡಬಹುದು. ಬಿಡಬಾರದು. ಔಷಧಿಯ ಪರಿಣಾಮ 30ರಿಂದ 90 ನಿಮಿಷ, ಆಮೇಲೆ ಉಸಿರು ಮತ್ತೆ ಇಳಿಯಬಹುದು. ಆಸ್ಪತ್ರೆಗೆ ಹೋಗಲೇಬೇಕು.

ಇನ್ನು ನಮ್ಮ ಕನ್ನಡದ ಅಪ್ಪ ಅಮ್ಮಂದಿರು. "ಇದೆಲ್ಲ ಇಟ್ಟರೆ ಮಕ್ಕಳಿಗೆ ಧೈರ್ಯ ಕೊಟ್ಟ ಹಾಗಲ್ವೇನ್ರೀ? ನಮ್ಮ ಮಕ್ಕಳು ಅಂಥವರಲ್ಲ" ಎಂದರೊಬ್ಬರು. ಫೆಂಟನಿಲ್ ಬೇಕೆಂದು ಹುಡುಕಿ ಹೋದವರೇ ಸಾಯುತ್ತಾರೆ ಎಂದು ಅವರು ತಿಳಿದಿದ್ದರು. ಪರೀಕ್ಷೆಗೆ ನಿದ್ದೆಗೆಟ್ಟು ಓದಲು ಗೆಳೆಯನಿಂದ ಇಸಕೊಂಡ ಅಡೆರಾಲ್ ಮಾತ್ರೆ ನಕಲಿಯಾಗಿರಬಹುದು, ಅದರಲ್ಲಿ ಫೆಂಟನಿಲ್ ಇರಬಹುದು, ಜೀವ ಹೋಗಲು ಅದು ಎರಡು ಮಿಲಿಗ್ರಾಂ ಇದ್ದರೂ ಸಾಕು ಎಂದೆ. ಓದುವ ಮಕ್ಕಳ ಮಾತು ಬಂದಾಗ ಸಭೆ ಗಂಭೀರವಾಯಿತು.

ಈಗ ನನಗಿರುವ ಚಿಂತೆ ಬಿಸಿಲಿನದು. ಪಂದ್ಯಗಳಿಗೆ ಹೋಗುವಾಗ ಕೋಚ್‌ಗಳು ಸ್ಪ್ರೇಯನ್ನು ಕಾರಿನಲ್ಲೇ ಬಿಟ್ಟುಬಿಡುತ್ತಾರೆ. 40 ಡಿಗ್ರಿ ದಾಟುವಂತಿಲ್ಲ, ಬೇಸಿಗೆಯಲ್ಲಿ ಮುಚ್ಚಿದ ಕಾರು ಅದನ್ನು ಬೇಗ ದಾಟುತ್ತದೆ. ಅದಕ್ಕೇ ಸ್ಪ್ರೇಯನ್ನು ಪ್ರಥಮ ಚಿಕಿತ್ಸೆಯ ಚೀಲದೊಳಗೇ ಹಾಕಿದ್ದೇನೆ. ಆ ಚೀಲ ಕೋಚ್ ಜೊತೆಗೇ ಮೈದಾನಕ್ಕೆ ಇಳಿಯುತ್ತದೆ.