ತಲೆನೋವಿಗೆ ಕನ್ನಡಕ ಕೇಳಿ ಬಂದವರು

ಸಿಂಧನೂರಿನಲ್ಲಿ ಕಣ್ಣಿನ ಡಾಕ್ಟರಾಗಿ ಹನ್ನೊಂದು ವರ್ಷ ಆಯಿತು. ತಲೆನೋವು ಅಂತ ಬರುವವರು ಕೇಳುವುದು ಒಂದೇ, "ಚಶ್ಮಾ ಬರೆದು ಕೊಡ್ರಿ." ಮೊದಲು ನಾನೂ ಬೋರ್ಡ್ ಓದಿಸಿ, 6/6 ಇದ್ದರೆ, ಅಂದರೆ ನೋಟ ಪೂರ್ತಿ ಸರಿಯಿದ್ದರೆ, ನೋವಿನ ಮಾತ್ರೆ ಬರೆದು ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಬ್ಬ ಹುಡುಗಿ ನಾಲ್ಕು ತಿಂಗಳ ಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಒಳಗೆ ಬಂದಳು. ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಹೋದ ದೃಷ್ಟಿ ತಿರುಗಿ ಬರಲಿಲ್ಲ. ಆವತ್ತಿಂದ ತಲೆನೋವು ಅಂದವರಿಗೆ ಡ್ರಾಪ್ಸ್ ಹಾಕಿ ಕಣ್ಣಿನ ನರ ನೋಡದೆ ಕಳಿಸುವುದಿಲ್ಲ, ಹೊರಗೆ ಎಷ್ಟು ಜನ ಕಾದಿದ್ದರೂ ಸರಿ.

ಹೋದ ವರ್ಷ ಭತ್ತದ ನಾಟಿ ಹೊತ್ತಿಗೆ ಒಬ್ಬ ಹೆಣ್ಣುಮಗಳು ಅತ್ತೆ ಜೊತೆ ಬಂದರು. 29 ವರ್ಷ, 84 ಕೆಜಿ. "ಬಗ್ಗಿ ಎದ್ರ ಕಣ್ಣಿಗೆ ಕತ್ತಲು ಬರ್ತೈತ್ರಿ, ಎರಡು ಸೆಕೆಂಡಿಗೆ ಹೋಗ್ತೈತಿ. ರಾತ್ರಿ ಮಲಗಿದ್ರ ಕಿವಿಯಾಗ ಎದಿ ಬಡಿದಂಗ ಸಪ್ಪಳ." ಈ ಎರಡು ಮಾತು ಒಟ್ಟಿಗೆ ಕೇಳಿದರೆ ನಾನು ಪೆನ್ನು ಕೆಳಗಿಡುತ್ತೇನೆ. ಬೋರ್ಡಿನ ಕೊನೆ ಸಾಲನ್ನೂ ಸಲೀಸಾಗಿ ಓದಿದರು. ಡ್ರಾಪ್ಸ್ ಹಾಕಿ ನೋಡಿದೆ. ನರದ ತುದಿ ನಾಣ್ಯದ ಹಾಗೆ ದುಂಡಗೆ, ಅಂಚು ಸ್ಪಷ್ಟವಾಗಿ ಇರಬೇಕು. ಅವರದು ಅಂಚೇ ಸಿಗಲಿಲ್ಲ. ಉಬ್ಬಿ ಮಸುಕಾಗಿತ್ತು, ಮೇಲೆ ಹಾಯುವ ರಕ್ತನಾಳಗಳು ಅಲ್ಲಲ್ಲಿ ಮುಳುಗಿ ಎದ್ದಿದ್ದವು. ಎರಡೂ ಕಣ್ಣಲ್ಲಿ ಹಾಗೇ. ಬಿ.ಪಿ. ವಿಪರೀತ ಏರಿದರೂ ಹೀಗೇ ಉಬ್ಬುತ್ತದೆ, ಅದಕ್ಕೆ ಅದನ್ನೂ ನೋಡಿದೆ. ಸರಿಯಿತ್ತು. ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು, ಕೇಳಿದೆ. ಮೊಡವೆಗೆ ಡಾಕ್ಸಿಸೈಕ್ಲಿನ್, ವಿಟಮಿನ್ ಎ ಮಾತ್ರೆ ಏನಾದರೂ? ಇಲ್ಲ ಅಂದರು.

ಮನೆಯವರಿಗೆ ಹೇಳುವುದು ಹೇಗೆ? ಎಡದಂಡೆ ಕಾಲುವೆ ನೋಡಿ ಬೆಳೆದವರು, ಅದರಿಂದಲೇ ಹೇಳಿದೆ. ಮಿದುಳಿನ ಸುತ್ತ ನೀರು ಇರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಬರುತ್ತದೆ, ಆದರೆ ಒಳಗೆ ಜಾಗ ಇರುವುದು 150 ಮಿ.ಲೀ.ನಷ್ಟಕ್ಕೆ. ಉಳಿದದ್ದು ರಕ್ತಕ್ಕೆ ಸೇರಿ ಹೋಗುತ್ತಲೇ ಇರಬೇಕು. ಕೆಳಗಿನ ತೂಬು ಸರಿಯಾಗಿ ಬಿಡದಿದ್ದರೆ ಕಾಲುವೆ ತುಂಬುತ್ತದೆ ಅಲ್ವಾ? ಬುರುಡೆ ಗಟ್ಟಿ ಮೂಳೆ, ಹಿಗ್ಗುವುದಿಲ್ಲ. ಆ ಒತ್ತಡ ಕಣ್ಣಿನ ನರದ ಮೇಲೆ ಬೀಳುತ್ತದೆ. ಇದಕ್ಕೆ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ ಅನ್ನುತ್ತಾರೆ. 'ಇಡಿಯೋಪಥಿಕ್' ಅಂದರೆ ಮೂಲ ಕಾರಣ ಸಿಕ್ಕಿಲ್ಲ ಅಂತ. ತೂಕ ಹೆಚ್ಚಿರುವ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲೇ ಜಾಸ್ತಿ.

ಬಳ್ಳಾರಿಯಲ್ಲಿ ನರರೋಗ ತಜ್ಞರ ಹತ್ತಿರ ಕಳಿಸಿದೆ. ಎಂ.ಆರ್.ಐ. ಜೊತೆ ಮಿದುಳಿನ ರಕ್ತನಾಳ ತೋರಿಸುವ ಎಂ.ಆರ್.ವಿ. ಸ್ಕ್ಯಾನೂ ಆಗಲೇಬೇಕು ಅಂತ ಚೀಟಿಯಲ್ಲಿ ಬರೆದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೂ ಕಣ್ಣು ಹೀಗೇ ಕಾಣುತ್ತದೆ, ನಮ್ಮಲ್ಲಿ ಬಾಣಂತಿಯರಿಗೆ ಅದು ಬರುವುದುಂಟು. ಅದರ ಚಿಕಿತ್ಸೆಯೇ ಬೇರೆ. ಗಡ್ಡೆ ಇರಲಿಲ್ಲ, ಹೆಪ್ಪೂ ಇರಲಿಲ್ಲ.

ಮಿದುಳಿನ ಸುತ್ತಲಿನ ನೀರೇ ಬೆನ್ನಿನೊಳಗೂ ಇರುತ್ತದೆ, ಅಲ್ಲಿ ಸೂಜಿ ಹಾಕಿ ಒತ್ತಡ ಅಳೆಯಬೇಕು. ಈ ಬೆನ್ನಿನ ನೀರಿನ ಪರೀಕ್ಷೆಗೆ ಅತ್ತೆ ಒಪ್ಪಲಿಲ್ಲ. "ಬೆನ್ನಾಗಿನ ನೀರು ತೆಗದ್ರ ಕಾಲು ಹೋಗ್ತಾವಂತಲ್ರಿ." ಎದ್ದು ನಿಂತು ನನ್ನ ಸೊಂಟದ ಮೇಲೆಯೇ ಬೆರಳಿಟ್ಟು ತೋರಿಸಿದೆ. "ಅಮ್ಮಾ, ಬೆನ್ನುಹುರಿ ಇಲ್ಲಿಗೆ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ." ಅವರೂ ತಮ್ಮ ಬೆನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಒಪ್ಪಿದರು. ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 34 ಸೆಂಟಿಮೀಟರ್ ಬಂತು. ದೊಡ್ಡವರಲ್ಲಿ 25 ದಾಟಬಾರದು.

ಆ ನೀರು ಹುಟ್ಟುವುದನ್ನು ಕಮ್ಮಿ ಮಾಡುವ ಅಸೆಟಜೋಲಮೈಡ್ ಮಾತ್ರೆ ಶುರುವಾಯಿತು. ಬೆರಳು ಜುಮ್ ಅನ್ನುತ್ತದೆ, ಸೋಡಾ ರುಚಿ ಸಪ್ಪೆಯಾಗುತ್ತದೆ ಅಂತ ಮೊದಲೇ ಹೇಳಿಟ್ಟೆ. ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಅಸಲಿ ಕೆಲಸ ತೂಕ ಇಳಿಸುವುದು. ಸುಮ್ನೆ "ಅನ್ನ ಬಿಡಿ" ಅಂದರೆ ಭತ್ತ ಬೆಳೆಯುವ ಮನೆಯಲ್ಲಿ ನಡೆಯುವುದಿಲ್ಲ. ರಾತ್ರಿ ಅನ್ನದ ಬದಲು ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಬೆಳಿಗ್ಗೆ ಕಾಲುವೆ ದಂಡೆ ಮೇಲೆ ನಡಿಗೆ. ಎಂಟು ತಿಂಗಳಿಗೆ 9 ಕೆಜಿ ಇಳಿಯಿತು. ಅತ್ತೆಯೂ ಜೊತೆಗೆ ನಡೆದರು.

ಪ್ರತಿ ಸಲ ಫೀಲ್ಡ್ ಟೆಸ್ಟ್ ಮಾಡುತ್ತೇನೆ, ಸುತ್ತಲಿನ ನೋಟ ಎಲ್ಲಿವರೆಗೆ ಇದೆ ಅಂತ ಅಳೆಯುವ ಪರೀಕ್ಷೆ. ಪಕ್ಕದ ನೋಟ ಸವೆಯುತ್ತಿದ್ದರೆ ಮೊದಲು ತೋರಿಸುವುದು ಅದೇ, ಬೋರ್ಡ್ ಅಲ್ಲ. ಮೊದಲ ಟೆಸ್ಟಿನ ಚೀಟಿಯಲ್ಲಿ ಮೂಗಿನ ಕಡೆ ಇದ್ದ ಕಪ್ಪು ಚುಕ್ಕೆಗಳು ಈಗಿನದರಲ್ಲಿ ಬಹುಪಾಲು ಇಲ್ಲ. "ಕಿವಿ ಸಪ್ಪಳ ನಿಂತೈತ್ರಿ" ಅಂದರು. ಮುಂದಿನ ಟೆಸ್ಟ್ ದೀಪಾವಳಿ ಆದ ವಾರ, ಕಾರ್ಡಿನ ಮೇಲೆ ಬರೆದು ಕೊಟ್ಟಿದ್ದೇನೆ.